ನಿವೃತ್ತ ಶಿಕ್ಷಕರು ಎಸ್‌ಡಿಎಂಸಿಯಲ್ಲಿ ಕುಳಿತರೆ ಮಾಡಬೇಕಾದದ್ದೇನು, ಮಾಡಬಾರದ್ದೇನು?

ನಿವೃತ್ತ ಮೇಷ್ಟ್ರು (ಮಡಿಕೇರಿ ತಾಲ್ಲೂಕು)

ಎಲ್ಲರಿಗೂ ನಮಸ್ಕಾರ. ನಾನು ಕೊಡಗಿನ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿಯೇ ಸೇವೆ ಸಲ್ಲಿಸಿ ಮುಖ್ಯ ಶಿಕ್ಷಕನಾಗಿ ನಿವೃತ್ತನಾದವನು. ನಮ್ಮೂರಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಅವಧಿ ಮುಗಿಯುತ್ತ ಬಂದಿದ್ದು, ಹೊಸ ಸಮಿತಿಯಲ್ಲಿ ನಾನೂ ಇರಬೇಕೆಂದು ಊರಿನ ಕೆಲವರು ಒತ್ತಾಯಿಸುತ್ತಿದ್ದಾರೆ. ನನ್ನ ಮಕ್ಕಳು ಓದು ಮುಗಿಸಿ ಬೆಂಗಳೂರು ಸೇರಿ ವರ್ಷಗಳೇ ಆದವು. ಆದ್ದರಿಂದ ಪೋಷಕನೆಂಬ ಹಕ್ಕು ನನಗಿಲ್ಲ. ಶಾಲೆಯ ಈಗಿನ ಮುಖ್ಯ ಶಿಕ್ಷಕಿ ಹಿಂದೆ ನನ್ನ ಕೈಕೆಳಗೆ ಸಹಶಿಕ್ಷಕಿಯಾಗಿ ಕೆಲಸ ಮಾಡಿದವರು. ಅವರು ಬಾಯಿಬಿಟ್ಟು ಬೇಡವೆನ್ನುವವರಲ್ಲ. ನನ್ನ ಸಂಕೋಚ ಇರುವುದೇ ಅಲ್ಲಿ.

ಶಾಲೆಯ ಸ್ಥಿತಿಯನ್ನು ಸ್ವಲ್ಪ ಹೇಳಬೇಕು. ಒಂದು ಕಾಲದಲ್ಲಿ ಊರಿನ ಐನ್‌ಮನೆಗಳ (ಕೊಡವ ಕುಟುಂಬಗಳ ಮೂಲಮನೆಗಳ) ಮಕ್ಕಳೂ, ತೋಟದ ಲೈನ್ ಮನೆಗಳ (ಕಾರ್ಮಿಕರ ಸಾಲುಮನೆಗಳ) ಮಕ್ಕಳೂ, ಆದಿವಾಸಿಗಳ ಹಾಡಿಯ ಮಕ್ಕಳೂ ಒಂದೇ ಬೆಂಚಿನಲ್ಲಿ ಕುಳಿತು ಓದಿದ ಶಾಲೆ ಅದು. ಈಗ ಅನುಕೂಲವಿದ್ದವರ ಮಕ್ಕಳೆಲ್ಲ ಬೆಳಿಗ್ಗೆಯೇ ವ್ಯಾನು ಹತ್ತಿ ಪೇಟೆಯ ಖಾಸಗಿ ಶಾಲೆಗಳಿಗೆ ಹೋಗುತ್ತಾರೆ. ಉಳಿದಿರುವವರು ಲೈನ್ ಮನೆಗಳ, ಹಾಡಿಯ ಮತ್ತು ಪೈಸಾರಿಯಲ್ಲಿ (ಸರ್ಕಾರಿ ಜಾಗದಲ್ಲಿ) ಮನೆ ಕಟ್ಟಿಕೊಂಡವರ ಮಕ್ಕಳು. ಅಸ್ಸಾಂ, ಪಶ್ಚಿಮ ಬಂಗಾಳದ ಕಡೆಯಿಂದ ತೋಟದ ಕೆಲಸಕ್ಕೆ ಬಂದ ಕುಟುಂಬಗಳ ಮಕ್ಕಳು ಕಾಫಿ ಕುಯ್ಲಿನ ಕಾಲದಲ್ಲಿ ಕಾಣಿಸಿಕೊಳ್ಳುತ್ತಾರೆ, ಕುಯ್ಲು ಮುಗಿದ ಮೇಲೆ ಕೆಲವರು ಉಳಿಯುತ್ತಾರೆ, ಕೆಲವರು ಕಾಣೆಯಾಗುತ್ತಾರೆ. ಹಳೆಯ ಹೆಂಚಿನ ಕಟ್ಟಡದ ಒಂದು ಕೊಠಡಿಯ ಪಕಾಸುಗಳು ಗೆದ್ದಲು ಹಿಡಿದಿದ್ದು, ಜುಲೈ ತಿಂಗಳ ಮಳೆಯಲ್ಲಿ ಅಲ್ಲಿ ಮಕ್ಕಳನ್ನು ಕೂರಿಸಲು ಶಿಕ್ಷಕರಿಗೆ ಧೈರ್ಯ ಸಾಲುವುದಿಲ್ಲ.

ನನ್ನಂಥವನು ಯಾವ ಅಧಿಕಾರದ ಮೇಲೆ ಆ ಸಮಿತಿಯಲ್ಲಿ ಕೂರಬಹುದು, ಕುಳಿತರೆ ಯಾವ ಕೆಲಸ ಉಪಯೋಗಕ್ಕೆ ಬರುತ್ತದೆ, ಎಲ್ಲಿ ಕೈ ಹಾಕಬಾರದು ಎಂಬುದನ್ನು ಅನುಭವವಿರುವವರು ದಾಕ್ಷಿಣ್ಯವಿಲ್ಲದೆ ಬರೆಯಬೇಕೆಂದು ಕೋರುತ್ತೇನೆ.

ಮಾಜಿ ಸಿಆರ್‌ಪಿ (ವಿರಾಜಪೇಟೆ)

ಗುರುಗಳೇ, ಸಿಆರ್‌ಪಿ, ಅಂದರೆ ಅಕ್ಕಪಕ್ಕದ ಶಾಲೆಗಳ ಗುಂಪಿನ (ಕ್ಲಸ್ಟರ್) ಸಂಪನ್ಮೂಲ ವ್ಯಕ್ತಿ, ಆಗಿದ್ದ ಅನುಭವದಿಂದ ಹೇಳುವುದಾದರೆ, ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಕಾನೂನಿನಲ್ಲಿಯೇ ಸಿಗುತ್ತದೆ. ಡಾ. ರಾಜಾ ರಾಮಣ್ಣ ಅವರ ಅಧ್ಯಕ್ಷತೆಯ ಶಿಕ್ಷಣ ಕಾರ್ಯಪಡೆ ಮಾಡಿದ ಶಿಫಾರಸಿನ ಮೇಲೆ 2001ರಲ್ಲಿ ಕರ್ನಾಟಕ ಸರ್ಕಾರ ಎಸ್‌ಡಿಎಂಸಿಗಳನ್ನು ರಚಿಸಿತು. ಅದಕ್ಕೂ ಮೊದಲಿದ್ದ ಬೆಟರ್‌ಮೆಂಟ್ ಕಮಿಟಿಗಳ ನೆನಪು ನಿಮಗೇ ಚೆನ್ನಾಗಿರುತ್ತದೆ. ಊರಿನ ನಾಲ್ಕು ಹಿರಿಯರು ಸೇರಿ ಕುರ್ಚಿ, ಗಂಟೆ, ಧ್ವಜಸ್ತಂಭ ಕೊಡಿಸುವುದು ಅವುಗಳ ಮುಖ್ಯ ಕೆಲಸವಾಗಿತ್ತು. ಎಸ್‌ಡಿಎಂಸಿಯ ಉದ್ದೇಶ ಅದಲ್ಲ. ಶಾಲೆಯ ಮೇಲುಸ್ತುವಾರಿಯನ್ನು, ಅದೇ ಶಾಲೆಯಲ್ಲಿ ಓದುತ್ತಿರುವ ಮಕ್ಕಳ ತಂದೆತಾಯಿಗಳ ಕೈಗೆ ಕೊಡುವುದು ಅದರ ಉದ್ದೇಶ. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ 21ನೇ ಕಲಂ ಇದನ್ನು ಇನ್ನಷ್ಟು ಗಟ್ಟಿ ಮಾಡಿತು: ಸಮಿತಿಯ ಸದಸ್ಯರಲ್ಲಿ ಕನಿಷ್ಠ ಮುಕ್ಕಾಲು ಪಾಲು ಪೋಷಕರಿರಬೇಕು, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು, ಹಿಂದುಳಿದ ಮತ್ತು ದುರ್ಬಲ ವರ್ಗಗಳ ಪೋಷಕರಿಗೆ ಅವರ ಮಕ್ಕಳ ಪ್ರಮಾಣಕ್ಕೆ ತಕ್ಕ ಸ್ಥಾನವಿರಬೇಕು.

ಉಳಿಯುವುದು ಕಾಲು ಪಾಲು. ಕೇಂದ್ರದ ಮಾದರಿ ನಿಯಮಗಳ ಪ್ರಕಾರ ಆ ಕಾಲು ಪಾಲಿನಲ್ಲಿ ಸ್ಥಳೀಯ ಸಂಸ್ಥೆಯ ಚುನಾಯಿತ ಪ್ರತಿನಿಧಿಗಳು, ಶಾಲೆಯ ಶಿಕ್ಷಕರು, ಜೊತೆಗೆ ಸ್ಥಳೀಯ ಶಿಕ್ಷಣ ತಜ್ಞರು ಅಥವಾ ಶಾಲೆಯ ಮಕ್ಕಳು ಬರುತ್ತಾರೆ. ನಿಮಗೆ ಅವಕಾಶವಿರುವುದು ಈ ಕೊನೆಯ ಗುಂಪಿನಲ್ಲಿ. ನೀವು ಅಧ್ಯಕ್ಷರಾಗುವ ಪ್ರಶ್ನೆಯೇ ಬರುವುದಿಲ್ಲ, ಏಕೆಂದರೆ ಅಧ್ಯಕ್ಷರು ಪೋಷಕ ಸದಸ್ಯರಲ್ಲೊಬ್ಬರೇ ಆಗಿರಬೇಕು. ಶಾಲೆಯ ಬ್ಯಾಂಕ್ ಖಾತೆ ಅಧ್ಯಕ್ಷರ ಮತ್ತು ಮುಖ್ಯ ಶಿಕ್ಷಕರ ಜಂಟಿ ಸಹಿಯಲ್ಲಿ ನಡೆಯುವುದರಿಂದ ಹಣದ ವ್ಯವಹಾರದಲ್ಲಿಯೂ ನಿಮ್ಮ ಸಹಿಗೆ ಜಾಗವಿಲ್ಲ. ಇದು ನಿಮಗೆ ಅನುಕೂಲವೆಂದೇ ನಾನು ಭಾವಿಸುತ್ತೇನೆ.

ಕಾಯ್ದೆ ಸಮಿತಿಗೆ ಒಪ್ಪಿಸಿರುವ ಕೆಲಸ ಮೂರು ತೆರನಾದದ್ದು: ಶಾಲೆ ನಡೆಯುವ ರೀತಿಯನ್ನು ಗಮನಿಸುವುದು, ಶಾಲಾಭಿವೃದ್ಧಿ ಯೋಜನೆಯನ್ನು ಸಿದ್ಧಪಡಿಸುವುದು, ಬಂದ ಅನುದಾನ ಹೇಗೆ ಖರ್ಚಾಗುತ್ತದೆಂದು ನೋಡುವುದು. ಇವುಗಳಲ್ಲಿ ನಡುವಿನದ್ದನ್ನು ನಮ್ಮ ಶಾಲೆಗಳಲ್ಲಿ ಸಮಿತಿಯವರು ಮಾಡಿದ್ದನ್ನು ನಾನು ಅಪರೂಪಕ್ಕೆ ಕಂಡಿದ್ದೇನೆ. ಯೋಜನೆಯೆಂದರೆ ಮುಖ್ಯ ಶಿಕ್ಷಕರು ಮಾರ್ಚ್ ತಿಂಗಳಲ್ಲಿ, ಕಳೆದ ವರ್ಷದ್ದನ್ನೇ ತೆಗೆದು ಅಂಕಿಗಳನ್ನು ಬದಲಿಸಿ ಕಳುಹಿಸುವ ಕಾಗದ ಎಂದಾಗಿದೆ. ನಿಮ್ಮಂಥವರು ಬರಬೇಕಾದದ್ದು ಅಲ್ಲಿಗೆ.

ಮುಖ್ಯ ಶಿಕ್ಷಕಿ (ಪೊನ್ನಂಪೇಟೆ ತಾಲ್ಲೂಕು)

ಸಾರ್, ದಾಕ್ಷಿಣ್ಯವಿಲ್ಲದೆ ಬರೆಯಿರಿ ಎಂದು ನೀವೇ ಕೇಳಿರುವುದರಿಂದ ಬರೆಯುತ್ತಿದ್ದೇನೆ.

ನಾನು ಹಿಂದೆ ಇದ್ದ ಒಂದು ಶಾಲೆಯ ಸಮಿತಿಯಲ್ಲಿ ನಿವೃತ್ತ ಶಿಕ್ಷಕರೊಬ್ಬರಿದ್ದರು. ಒಳ್ಳೆಯವರು, ಪ್ರಾಮಾಣಿಕರು, ಶಾಲೆಯ ಮೇಲೆ ಅವರಿಗಿದ್ದ ಪ್ರೀತಿಯ ಬಗ್ಗೆ ನನಗೆ ಸಂಶಯವಿರಲಿಲ್ಲ. ಆದರೆ ಅವರು ಪ್ರಾರ್ಥನೆಗೂ ಮೊದಲೇ ಬಂದು ಕಚೇರಿ ಕೋಣೆಯಲ್ಲಿ ಕುಳಿತು ಹಾಜರಿ ಪುಸ್ತಕ ತೆರೆಯುತ್ತಿದ್ದರು, ಶಿಕ್ಷಕರ ಪಾಠಟಿಪ್ಪಣಿ ಕೇಳುತ್ತಿದ್ದರು, ನಲಿ-ಕಲಿ (ಚಿಕ್ಕ ಮಕ್ಕಳು ಚಟುವಟಿಕೆಗಳ ಮೂಲಕ ಕಲಿಯುವ) ತರಗತಿಯೊಳಗೆ ಹೋಗಿ, ಗುಂಪಿನಲ್ಲಿ ಕುಳಿತು ಕಲಿಕಾ ಕಾರ್ಡುಗಳನ್ನು ಹಿಡಿದುಕೊಂಡಿದ್ದ ಮಕ್ಕಳನ್ನು ಎಬ್ಬಿಸಿ ನಿಲ್ಲಿಸಿ ಮಗ್ಗಿ ಹೇಳಿಸುತ್ತಿದ್ದರು. ಎರಡನೇ ತರಗತಿಯ ಮಗು ಹದಿಮೂರರ ಮಗ್ಗಿಯಲ್ಲಿ ತಡವರಿಸಿದರೆ ಅಂದಿನ ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುತ್ತಿತ್ತು. ಪೋಷಕರು ತಮ್ಮ ದೂರುಗಳನ್ನು ನನ್ನ ಬಳಿಗೆ ತರುವುದನ್ನು ಬಿಟ್ಟು ಅವರ ಮನೆಯ ಜಗುಲಿಗೆ ಒಯ್ಯತೊಡಗಿದರು. ನಮ್ಮಲ್ಲಿದ್ದ ಇಬ್ಬರು ಯುವ ಶಿಕ್ಷಕರಲ್ಲಿ ಒಬ್ಬರು ಅವಕಾಶ ಸಿಕ್ಕಿದ ಕೂಡಲೇ ವರ್ಗಾವಣೆ ತೆಗೆದುಕೊಂಡು ಹೋದರು, ಆ ಜಾಗಕ್ಕೆ ಬಹಳ ಕಾಲ ಅತಿಥಿ ಶಿಕ್ಷಕರೇ ಗತಿಯಾದರು. ಕೊಡಗಿನ ಒಳಹಳ್ಳಿಗೆ ಕೌನ್ಸೆಲಿಂಗ್‌ನಲ್ಲಿ ಒಬ್ಬ ಕಾಯಂ ಶಿಕ್ಷಕರನ್ನು ಪಡೆಯುವುದು ಎಷ್ಟು ಕಷ್ಟವೆಂಬುದು ನಿಮಗೆ ಗೊತ್ತಿದೆ.

ಇನ್ನೊಂದು ಶಾಲೆಯಲ್ಲಿ ಇದಕ್ಕೆ ತದ್ವಿರುದ್ಧವಾದ ಅನುಭವವೂ ಆಯಿತು. ಅಲ್ಲಿ ಸಮಿತಿಯಲ್ಲಿದ್ದವರು ನಿವೃತ್ತ ಶಿಕ್ಷಕಿ. ಅವರು ತರಗತಿಯ ಹೊಸ್ತಿಲನ್ನು ದಾಟಿದ್ದು ನಾನು ಕರೆದಾಗ ಮಾತ್ರ. ರೊಬಸ್ಟಾ ಕುಯ್ಲು ಶುರುವಾಗುವ ಜನವರಿಯಲ್ಲಿ ನನ್ನ ಜೊತೆಗೆ ಲೈನ್ ಮನೆಗಳ ಸಾಲಿಗೆ ಬಂದು, ಯಾವ ಕೋಣೆಯಲ್ಲಿ ಶಾಲೆಯ ವಯಸ್ಸಿನ ಎಷ್ಟು ಮಕ್ಕಳಿದ್ದಾರೆ, ಯಾರು ಚಿಕ್ಕ ತಮ್ಮ ತಂಗಿಯರನ್ನು ನೋಡಿಕೊಳ್ಳಲು ಮನೆಯಲ್ಲಿಯೇ ಉಳಿದಿದ್ದಾರೆ ಎಂದು ಒಂದು ಪುಸ್ತಕದಲ್ಲಿ ಬರೆದುಕೊಂಡರು. ತೋಟದ ರೈಟರ (ಕೆಲಸದ ಲೆಕ್ಕ ಬರೆಯುವವರ) ಜೊತೆ ಮಾತನಾಡಿದವರೂ ಅವರೇ. ಸರ್ಕಾರಿ ನೌಕರಳಾದ ನಾನು ಹೋಗಿ ಕೇಳಿದರೆ ‘ಏನೋ ವಿಚಾರಣೆ ಬಂದಿದೆ’ ಎಂದು ಬಾಗಿಲು ಹಾಕಿಕೊಳ್ಳುತ್ತಿದ್ದವರು, ಆ ಟೀಚರ್ ಕೇಳಿದಾಗ ಮಕ್ಕಳನ್ನು ಕರೆದು ಮುಂದೆ ನಿಲ್ಲಿಸಿದರು. ಜನನ ಪ್ರಮಾಣಪತ್ರವಿಲ್ಲ, ವರ್ಗಾವಣೆ ಪತ್ರವಿಲ್ಲ ಎಂಬ ಕಾರಣಕ್ಕೆ ಮಗುವಿನ ದಾಖಲಾತಿಯನ್ನು ನಿರಾಕರಿಸುವಂತಿಲ್ಲ ಎಂದು ಕಾಯ್ದೆಯಲ್ಲಿಯೇ ಇದೆ. ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿ ವಿಶೇಷ ತರಬೇತಿ ಕೊಡಬೇಕೆಂದೂ ಇದೆ. ಇದನ್ನು ಆ ತಾಯಂದಿರಿಗೆ ಸಮಾಧಾನದಿಂದ ಹೇಳುವವರು ಬೇಕಿತ್ತು. ಅಂಥವರು ನಮ್ಮ ಸಮಿತಿಗೆ ಬಂದರೆ ಕುರ್ಚಿ ಒರೆಸಿಡುತ್ತೇನೆ.

ಪೋಷಕ ಸದಸ್ಯೆ (ಸಿದ್ದಾಪುರ ಕಡೆ)

ನಾನು ಏಳನೇ ತರಗತಿಯವರೆಗೆ ಓದಿದವಳು, ಈಗ ತೋಟದ ಕೆಲಸಕ್ಕೆ ಹೋಗುತ್ತೇನೆ. ಹೇಳಬೇಕಾದದ್ದನ್ನು ನಾನು ಹೇಳಿ, ಹೈಸ್ಕೂಲು ಓದುವ ಮಗಳು ಬರೆಯುತ್ತಿದ್ದಾಳೆ. ನಮ್ಮ ಶಾಲೆಯ ಸಮಿತಿಯಲ್ಲಿ ನಾನು ಸದಸ್ಯೆ.

ಮೇಷ್ಟ್ರು, ಟೀಚರ್ ಎಲ್ಲರೂ ಕಾನೂನಿನ ಬಗ್ಗೆ ಬರೆದಿದ್ದೀರಿ. ಮುಕ್ಕಾಲು ಪಾಲು ಪೋಷಕರು ಇರಬೇಕೆಂಬುದು ನಮ್ಮ ಶಾಲೆಯ ಬೋರ್ಡಿನ ಮೇಲೂ ಇದೆ, ಹೆಸರುಗಳೂ ಇವೆ. ಸಭೆ ಮಾತ್ರ ಕೆಲಸದ ದಿನ ಬೆಳಿಗ್ಗೆ ಹನ್ನೊಂದು ಗಂಟೆಗೆ ಇರುತ್ತದೆ. ಹಿಂದಿನ ಸಂಜೆ ಮಗುವಿನ ಕೈಯಲ್ಲಿ ಚೀಟಿ ಬರುತ್ತದೆ. ಕುಯ್ಲಿನ ಕಾಲದಲ್ಲಿ ಕಿಲೋ ಲೆಕ್ಕದಲ್ಲಿ ಸಂಬಳ, ಅರ್ಧ ದಿನ ಬಿಟ್ಟು ಬಂದರೆ ಆ ಅರ್ಧ ದಿನದ ದುಡ್ಡು ಹೋದ ಹಾಗೆಯೇ. ಹೋಗದಿದ್ದರೆ ಎರಡು ದಿನ ಬಿಟ್ಟು ನಡಾವಳಿ ಪುಸ್ತಕ ಮನೆಗೆ ಬರುತ್ತದೆ, ಅದರಲ್ಲಿ ನನ್ನ ಹೆಸರಿನ ಎದುರು ಸಹಿ ಹಾಕಬೇಕು. ಮೇಲೆ ಏನು ಬರೆದಿದೆಯೆಂದು ಓದುವಷ್ಟು ಸಮಯ ಕೊಡುವುದಿಲ್ಲ. ಒಮ್ಮೆ ನಾನು ಓದಿಯೇ ಹಾಕುತ್ತೇನೆ ಎಂದು ಕುಳಿತೆ. ‘ಚರ್ಚಿಸಿ ಸರ್ವಾನುಮತದಿಂದ ಅಂಗೀಕರಿಸಲಾಯಿತು’ ಎಂದಿತ್ತು. ಯಾವಾಗ ಚರ್ಚಿಸಿದೆವು?

ಸಭೆಗೆ ಹೋದಾಗಲೂ ಮಾತನಾಡುವವರು ಪಂಚಾಯಿತಿ ಸದಸ್ಯರು ಮತ್ತು ದೊಡ್ಡವರು. ನನಗೆ ಕೇಳಬೇಕೆಂದಿದ್ದದ್ದು ಹೆಣ್ಣುಮಕ್ಕಳ ಶೌಚಾಲಯದ ಬೀಗದ ವಿಷಯ. ನೀರಿಲ್ಲವೆಂದು ಬೀಗ ಹಾಕಿದ್ದಾರೆ, ಬೀಗದ ಕೈ ಆಫೀಸಿನಲ್ಲಿದೆ, ಆರನೇ ಏಳನೇ ತರಗತಿಯ ಹುಡುಗಿಯರು ಕೇಳಲು ನಾಚಿಕೊಂಡು ಮಧ್ಯಾಹ್ನವೇ ಮನೆಗೆ ಬರುತ್ತಾರೆ. ಇದನ್ನು ಅಷ್ಟು ಜನ ಗಂಡಸರ ಮುಂದೆ ಹೇಗೆ ಹೇಳುವುದು? ನಿವೃತ್ತ ಮೇಷ್ಟ್ರು ಬರುವುದಾದರೆ ಬರಲಿ, ಆದರೆ ಇರುವ ಮಾತುಗಾರರ ಜೊತೆಗೆ ಇನ್ನೊಬ್ಬರು ಮಾತುಗಾರರಾಗಿ ಬರುವುದಾದರೆ ನಮಗೆ ಏನೂ ಪ್ರಯೋಜನವಿಲ್ಲ.

ನಿವೃತ್ತ ಮೇಷ್ಟ್ರು (ಮಡಿಕೇರಿ ತಾಲ್ಲೂಕು)

ಅಮ್ಮಾ, ನಿಮ್ಮ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದೇನೆ. ಸಭೆಯನ್ನು ಸಂತೆಯ ದಿನಕ್ಕೆ, ತೋಟದ ಕೆಲಸಕ್ಕೆ ರಜೆ ಇರುವ ದಿನಕ್ಕೆ ಇಟ್ಟುಕೊಂಡರೆ ಬರಲು ಅನುಕೂಲವಾಗುತ್ತದೆಯೇ? ಆ ದಿನ ರಜೆಯ ದಿನವಾದರೆ ಶಿಕ್ಷಕರು ಒಪ್ಪಬೇಕಾಗುತ್ತದೆಂಬುದು ನಿಜ. ಆದರೆ ಮಳೆಗಾಲದಲ್ಲಿ ಜಿಲ್ಲಾಧಿಕಾರಿಗಳು ಘೋಷಿಸಿದ ರಜೆಗಳನ್ನು ಸರಿದೂಗಿಸಲು ಶನಿವಾರ ಮಧ್ಯಾಹ್ನವೂ ಶಾಲೆ ನಡೆಸುವ ಜಿಲ್ಲೆ ನಮ್ಮದು. ತಿಂಗಳಿಗೊಂದು ಸಂಜೆಯನ್ನು ಹೊಂದಿಸಿಕೊಳ್ಳುವುದು ಅಸಾಧ್ಯವೇನಲ್ಲ. ತಿಂಗಳಿಗೊಮ್ಮೆಯಾದರೂ ಸಭೆ ಸೇರಬೇಕು, ನಡಾವಳಿ ಎಲ್ಲರಿಗೂ ನೋಡಲು ಸಿಗಬೇಕು ಎಂದು ಮಾದರಿ ನಿಯಮಗಳಲ್ಲಿದೆ.

ಪೋಷಕ ಸದಸ್ಯೆ (ಸಿದ್ದಾಪುರ ಕಡೆ)

ಸಂತೆಯ ದಿನ ಸಂಜೆಯಾದರೆ ಬರಲಾಗುವುದಿಲ್ಲ, ಆನೆ ಇದೆ. ಐದು ಗಂಟೆಯ ನಂತರ ನಮ್ಮ ತೋಟದ ರಸ್ತೆಯಲ್ಲಿ ಯಾರೂ ನಡೆಯುವುದಿಲ್ಲ. ಬೆಳಿಗ್ಗೆ ಒಂಬತ್ತಕ್ಕೆ ಇಟ್ಟರೆ ಸಭೆ ಮುಗಿಸಿ ಸಂತೆಗೆ ಹೋಗುತ್ತೇವೆ.

ತೋಟದವರು (ಸುಂಟಿಕೊಪ್ಪ ಕಡೆ)

ಇಲ್ಲಿ ಯಾರೂ ಹೇಳದ ಒಂದು ಮಾತನ್ನು ಹೇಳಬೇಕೆನಿಸುತ್ತದೆ. ನಮ್ಮ ಕುಟುಂಬ ನಮ್ಮೂರಿನ ಶಾಲೆಗೆ ಬೆಂಚು, ಕುಡಿಯುವ ನೀರಿನ ಟ್ಯಾಂಕು, ಕಂಪ್ಯೂಟರು ಎಲ್ಲವನ್ನೂ ಕೊಟ್ಟಿದೆ. ಕೊಟ್ಟದ್ದರ ಗತಿ ಏನಾಯಿತೆಂದು ಕೇಳಿದರೆ ಹೇಳುವವರಿಲ್ಲ. ಪೋಷಕರ ಸಮಿತಿ ಎಂಬುದು ಕಾಗದದ ಮೇಲೆ ಚೆನ್ನಾಗಿದೆ. ಕಾಗದ ಓದಲು ಬಾರದ, ಅಧಿಕಾರಿಯ ಮುಂದೆ ನಿಂತು ಮಾತನಾಡಲು ಹೆದರುವ ಪೋಷಕರೇ ಹೆಚ್ಚಾಗಿರುವ ಶಾಲೆಯಲ್ಲಿ ಅದು ನಡೆಯುವುದು ಹೇಗೆ? ನಿವೃತ್ತ ಶಿಕ್ಷಕರಂಥ ತಿಳಿದವರನ್ನೇ ಅಧ್ಯಕ್ಷರನ್ನಾಗಿ ಮಾಡಿದರೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಲ್ಲಿಯೂ ಬೆಲೆ ಇರುತ್ತದೆ, ದಾನಿಗಳಿಗೂ ನಂಬಿಕೆ ಬರುತ್ತದೆ. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಹೇಳುವುದಾದರೆ, ಹತ್ತು ಹದಿನೈದು ಮಕ್ಕಳ ಶಾಲೆಗಳನ್ನು ಹೀಗೆ ಉಸಿರು ಹಿಡಿದು ಉಳಿಸುವುದಕ್ಕಿಂತ, ಹೋಬಳಿಗೊಂದು ದೊಡ್ಡ ಶಾಲೆ ಮಾಡಿ, ಎಲ್ಲ ಸೌಕರ್ಯ ಕೊಟ್ಟು, ಬಸ್ಸು ಬಿಡುವುದೇ ಮೇಲಲ್ಲವೇ?

ಮಾಜಿ ಸಿಆರ್‌ಪಿ (ವಿರಾಜಪೇಟೆ)

ಸ್ವಾಮಿ, ನಿಮ್ಮ ಕುಟುಂಬದ ಕೊಡುಗೆಯ ಬಗ್ಗೆ ಗೌರವವಿದೆ. ಕೊಟ್ಟ ವಸ್ತುಗಳಿಗೆ ಲೆಕ್ಕ ಕೇಳುವುದೂ ನ್ಯಾಯವೇ, ಅದಕ್ಕೆ ದಾಸ್ತಾನು ಪುಸ್ತಕವಿದೆ. ಉಳಿದ ಎರಡು ಮಾತುಗಳನ್ನು ಒಪ್ಪಲಾರೆ.

ಓದು ಬಾರದ ಪೋಷಕರಿಂದ ಸಮಿತಿ ನಡೆಯದು ಎಂಬ ವಾದವನ್ನು ನಾನು ಕ್ಲಸ್ಟರ್‌ನಲ್ಲಿದ್ದಷ್ಟು ಕಾಲವೂ ಕೇಳಿದ್ದೇನೆ. ಮೇಲೆ ಬರೆದಿರುವ ತಾಯಿ ನಡಾವಳಿಯನ್ನು ಓದಿಯೇ ಸಹಿ ಹಾಕುತ್ತೇನೆ ಎಂದು ಕುಳಿತವರು. ಅವರಿಗೆ ಇಲ್ಲದ್ದು ತಿಳಿವಳಿಕೆಯಲ್ಲ, ಸಮಯ. ತಿಳಿದವರು ಅಧ್ಯಕ್ಷರಾಗಲಿ ಎಂದು ನಾವು ಬೆಟರ್‌ಮೆಂಟ್ ಕಮಿಟಿಯ ಕಾಲಕ್ಕೇ ಮರಳಿದರೆ ಶೌಚಾಲಯದ ಬೀಗ ಇನ್ನೂ ಹತ್ತು ವರ್ಷ ಹಾಗೆಯೇ ಇರುತ್ತದೆ, ಏಕೆಂದರೆ ಆ ತಿಳಿದವರ ಮನೆಯ ಹೆಣ್ಣುಮಕ್ಕಳು ಆ ಶಾಲೆಯಲ್ಲಿ ಓದುವುದಿಲ್ಲ.

ಶಾಲೆಗಳನ್ನು ಒಂದುಗೂಡಿಸುವ ವಿಷಯ: ಮಾದರಿ ನಿಯಮಗಳು ಒಂದರಿಂದ ಐದನೇ ತರಗತಿಯ ಮಗುವಿಗೆ ಒಂದು ಕಿಲೋಮೀಟರಿನೊಳಗೆ, ಆರರಿಂದ ಎಂಟನೇ ತರಗತಿಯ ಮಗುವಿಗೆ ಮೂರು ಕಿಲೋಮೀಟರಿನೊಳಗೆ ಶಾಲೆ ಇರಬೇಕೆನ್ನುತ್ತವೆ. ಬಯಲುಸೀಮೆಯಲ್ಲಿ ಒಂದು ಕಿಲೋಮೀಟರ್ ಎಂದರೆ ಹದಿನೈದು ನಿಮಿಷದ ನಡಿಗೆ. ಮಾಲ್ದಾರೆ, ತಿತಿಮತಿ, ಚೆನ್ನಯ್ಯನಕೋಟೆಗಳ ಕಡೆ ಅದೇ ಒಂದು ಕಿಲೋಮೀಟರ್ ಎಂದರೆ ಎರಡು ತೋಟ, ಒಂದು ತೊರೆ, ದಾರಿಯಲ್ಲೆಲ್ಲೋ ನಿಂತಿರುವ ಆನೆಯ ಹಿಂಡು. ಬಸ್ಸು ಬಿಡುತ್ತೇವೆಂದು ಹೇಳಿ ಶಾಲೆ ಮುಚ್ಚಿದ ಮೇಲೆ ಬಸ್ಸು ನಿಂತುಹೋದರೆ, ವ್ಯಾನಿಗೆ ದುಡ್ಡು ಕೊಡಲಾರದವರ ಮಗು ಮನೆಯಲ್ಲಿಯೇ ಉಳಿಯುತ್ತದೆ.

ತೋಟದವರು (ಸುಂಟಿಕೊಪ್ಪ ಕಡೆ)

ಆನೆಯ ವಿಷಯವನ್ನು ಒಪ್ಪುತ್ತೇನೆ, ಅದರ ಕಷ್ಟ ನಮಗೂ ಗೊತ್ತು. ಆದರೆ ಒಂದೇ ಕೋಣೆಯಲ್ಲಿ ಐದು ತರಗತಿ, ಇಬ್ಬರು ಶಿಕ್ಷಕರು, ಅವರಲ್ಲೊಬ್ಬರು ಸದಾ ತರಬೇತಿಯಲ್ಲಿ ಅಥವಾ ಚುನಾವಣಾ ಕೆಲಸದಲ್ಲಿ ಎಂಬ ಸ್ಥಿತಿಯನ್ನೂ ಶಿಕ್ಷಣವೆಂದು ಕರೆಯಲು ನಾನು ಸಿದ್ಧನಿಲ್ಲ. ಈ ವಿಷಯದಲ್ಲಿ ನನ್ನ ಅಭಿಪ್ರಾಯ ಬದಲಾಗಿಲ್ಲ.

ನಿರ್ವಾಹಕರು

ಶಾಲೆಗಳ ವಿಲೀನದ ಚರ್ಚೆಗೆ ಬೇರೆಯೇ ಎಳೆ ಇದೆ. ದಯವಿಟ್ಟು ಅಲ್ಲಿ ಮುಂದುವರಿಸಿ. ಇಲ್ಲಿ ಮೇಷ್ಟ್ರು ಕೇಳಿದ ಪ್ರಶ್ನೆಗೆ ಸೀಮಿತವಾಗಿ ಬರೆಯಬೇಕೆಂದು ವಿನಂತಿ.

ಮುಖ್ಯ ಶಿಕ್ಷಕಿ (ಪೊನ್ನಂಪೇಟೆ ತಾಲ್ಲೂಕು)

ಹಣದ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳುವುದು ಒಳ್ಳೆಯದು, ಏಕೆಂದರೆ ಸಮಿತಿಗಳಲ್ಲಿ ಅರ್ಧದಷ್ಟು ಮನಸ್ತಾಪ ಹುಟ್ಟುವುದು ಅಲ್ಲಿಯೇ. ಶಾಲೆಗೆ ಲಕ್ಷಗಟ್ಟಲೆ ಬರುತ್ತದೆಂಬ ನಂಬಿಕೆ ಊರಿನಲ್ಲಿರುತ್ತದೆ. ಸಮಗ್ರ ಶಿಕ್ಷಣ ಯೋಜನೆಯ ಶಾಲಾ ಸಂಯುಕ್ತ ಅನುದಾನದ ಮಾನದಂಡದಲ್ಲಿ 30 ಅಥವಾ ಅದಕ್ಕಿಂತ ಕಡಿಮೆ ಮಕ್ಕಳಿರುವ ಶಾಲೆಗೆ ವರ್ಷಕ್ಕೆ 10,000 ರೂಪಾಯಿ, 31ರಿಂದ 100 ಮಕ್ಕಳಿದ್ದರೆ 25,000 ರೂಪಾಯಿ. ಅದರಲ್ಲಿ ಕನಿಷ್ಠ ಶೇಕಡ 10ರಷ್ಟು ಸ್ವಚ್ಛತೆಗೆ ಹೋಗಬೇಕು. ಸೀಮೆಸುಣ್ಣ, ರಿಜಿಸ್ಟರು, ವಿದ್ಯುತ್ ಬಿಲ್ಲು, ಒಡೆದ ಹೆಂಚು, ಕೆಟ್ಟ ನಲ್ಲಿ ಎಲ್ಲವೂ ಇದರಲ್ಲಿಯೇ ಆಗಬೇಕು. ಒಂದು ಮಳೆಗಾಲಕ್ಕೆ ಸೋರುವ ಮಾಡಿನ ಹೆಂಚು ಬದಲಿಸಲು ಮಾಡು ಹತ್ತುವವರ ಕೂಲಿಯೇ ಎಷ್ಟಾಗುತ್ತದೆಂದು ಕೊಡಗಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ನಿವೃತ್ತ ಶಿಕ್ಷಕರು ಸಭೆಯಲ್ಲಿ ಈ ಲೆಕ್ಕವನ್ನು ಜೋರಾಗಿ ಓದಿ ಹೇಳಿದರೆ ಸಾಕು: ಇಷ್ಟು ಬಂತು, ಇಂಥಿಂಥದ್ದಕ್ಕೆ ಹೋಯಿತು, ರಸೀದಿಗಳು ಇಲ್ಲಿವೆ. ಅದನ್ನು ನಾನೇ ಓದಿದರೆ ಸಮರ್ಥನೆಯಂತೆ ಕೇಳಿಸುತ್ತದೆ. ಶಾಲೆಯಿಂದ ಯಾವ ಲಾಭವೂ ಇಲ್ಲದ, ಆದರೆ ಲೆಕ್ಕ ತಿಳಿದ ಒಬ್ಬರು ಓದಿದರೆ ತಾಯಂದಿರು ಪ್ರಶ್ನೆ ಕೇಳುತ್ತಾರೆ. ನಮ್ಮಲ್ಲಿ ಆ ಟೀಚರ್ ಹೀಗೆ ಓದಿದ ದಿನವೇ ಅಡುಗೆ ಮನೆಯ ಗ್ಯಾಸ್ ಸಿಲಿಂಡರ್ ಎಷ್ಟು ದಿನ ಬರುತ್ತದೆಂದು ಒಬ್ಬರು ಕೇಳಿದರು, ಬಿಸಿಯೂಟದ ಸಾಂಬಾರಿಗೆ ತರಕಾರಿ ಎಷ್ಟು ಬೀಳುತ್ತದೆಂದು ಇನ್ನೊಬ್ಬರು ಕೇಳಿದರು. ನನಗೆ ಸ್ವಲ್ಪ ಇರುಸುಮುರುಸಾಯಿತೆಂಬುದು ನಿಜ, ಆದರೆ ಅಂದಿನಿಂದ ಸರದಿಯ ಪ್ರಕಾರ ಒಬ್ಬ ತಾಯಿ ಬಂದು ಊಟದ ರುಚಿ ನೋಡುವ ಪದ್ಧತಿ ನಿಂತ ನೀರಾಗದೆ ನಡೆಯಿತು.

ದೊಡ್ಡ ಕೆಲಸಗಳಿಗೆ, ಅಂದರೆ ಕಾಂಪೌಂಡು, ಶೌಚಾಲಯ, ಅಡುಗೆ ಕೋಣೆ, ಆಟದ ಮೈದಾನ ಇಂಥವಕ್ಕೆ, ಗ್ರಾಮ ಪಂಚಾಯಿತಿಯ ಮೂಲಕ ನರೇಗಾದಲ್ಲಿ ಮಾಡಿಸಿಕೊಂಡ ಶಾಲೆಗಳು ಜಿಲ್ಲೆಯಲ್ಲಿ ಬೇಕಾದಷ್ಟಿವೆ. ಆದರೆ ಅದು ಗ್ರಾಮಸಭೆಯ ಕ್ರಿಯಾಯೋಜನೆಗೆ ಸೇರಬೇಕು. ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳುವ ಕೆಲಸ ಸರ್ಕಾರಿ ನೌಕರಳಾದ ನನ್ನದಲ್ಲ. ಅಧ್ಯಕ್ಷರನ್ನು ಮುಂದಿಟ್ಟುಕೊಂಡು, ಅರ್ಜಿಯನ್ನು ಅವರಿಂದಲೇ ಕೊಡಿಸಿ, ಪಕ್ಕದಲ್ಲಿ ನಿಲ್ಲುವ ಕೆಲಸ ನಿಮ್ಮದಾಗಬಹುದು.

ಹಳೇ ಪಹಣಿ (ಸೋಮವಾರಪೇಟೆ)

ಕಂದಾಯ ಇಲಾಖೆಯಲ್ಲಿ ದುಡಿದು ಮನೆ ಸೇರಿದವನು ನಾನು, ಶಾಲೆಯ ವಿಷಯ ಹೆಚ್ಚು ತಿಳಿಯದು. ಆದರೆ ಮೇಷ್ಟ್ರು ಮೊದಲ ಬರಹದಲ್ಲಿ ಗೆದ್ದಲು ಹಿಡಿದ ಕೊಠಡಿಯೆಂದು ಬರೆದದ್ದನ್ನು ನೋಡಿ ಒಂದು ಪ್ರಶ್ನೆ ಕೇಳಬೇಕೆನಿಸಿತು. ಆ ಶಾಲೆಯ ಜಾಗ ಯಾರ ಹೆಸರಿನಲ್ಲಿದೆ? ಹೊಸ ಕೊಠಡಿ ಮಂಜೂರಾಗಬೇಕಾದರೆ ಮೊದಲು ಕೇಳುವುದು ಅದನ್ನೇ, ಮತ್ತು ಕೊಡಗಿನಲ್ಲಿ ಬಹಳಷ್ಟು ಶಾಲೆಗಳ ಕಡತ ನಿಂತುಹೋಗುವುದೂ ಅಲ್ಲಿಯೇ.

ನಮ್ಮಲ್ಲಿ ಹಳೆಯ ಶಾಲೆಗಳು ನಿಂತಿರುವುದು ಹೆಚ್ಚಾಗಿ ಎರಡು ಬಗೆಯ ಜಾಗದಲ್ಲಿ. ಒಂದು ಪೈಸಾರಿ, ಅಂದರೆ ಸರ್ಕಾರದ್ದೇ. ಅದಾದರೆ ತಹಶೀಲ್ದಾರರ ಮೂಲಕ ಪ್ರಸ್ತಾವ ಕಳುಹಿಸಿ, ಕರ್ನಾಟಕ ಭೂ ಕಂದಾಯ ಕಾಯ್ದೆಯ 71ನೇ ಕಲಂ ಪ್ರಕಾರ ಶಾಲೆಯ ಉದ್ದೇಶಕ್ಕೆ ಕಾಯ್ದಿರಿಸಿಕೊಳ್ಳಬಹುದು. ಇನ್ನೊಂದು, ಊರಿನ ಯಾವುದೋ ಕುಟುಂಬದ ಹಿರಿಯರು ತಮ್ಮ ಜಮ್ಮಾ ಬಾಣೆಯಿಂದ, ಅಂದರೆ ವಂಶಪಾರಂಪರ್ಯವಾಗಿ ಬಂದ ಕುಟುಂಬದ ಜಮೀನಿನಿಂದ, ಬಾಯಿಮಾತಿನಲ್ಲಿ ಬಿಟ್ಟುಕೊಟ್ಟ ಜಾಗ. ಕೊಟ್ಟವರು ದೊಡ್ಡ ಮನಸ್ಸಿನವರು, ಆದರೆ ಕಾಗದ ಮಾಡಿಸಲಿಲ್ಲ. ಸ್ಥಿರಾಸ್ತಿಯ ದಾನಕ್ಕೆ ನೋಂದಾಯಿತ ಪತ್ರ ಬೇಕು, ಕನಿಷ್ಠ ಇಬ್ಬರು ಸಾಕ್ಷಿಗಳ ಸಹಿ ಬೇಕು, ಬಾಯಿಮಾತು ನಿಲ್ಲುವುದಿಲ್ಲ. ಜಮ್ಮಾ ಹಿಡುವಳಿ ಕುಟುಂಬಕ್ಕೆ ಸೇರಿದ್ದಾದ್ದರಿಂದ ಪಹಣಿಯಲ್ಲಿ ಪಟ್ಟೆದಾರರ (ಕುಟುಂಬದ ಯಜಮಾನರ) ಹೆಸರು, ಅದರ ಹಿಂದೆ ಇಡೀ ಒಕ್ಕದ (ಮನೆತನದ) ಹಕ್ಕು. ಅಜ್ಜ ಕೊಟ್ಟದ್ದನ್ನು ಮೊಮ್ಮಕ್ಕಳಲ್ಲಿ ಒಬ್ಬರು ಒಪ್ಪಿ ಇನ್ನೊಬ್ಬರು ಒಪ್ಪದಿದ್ದರೆ ಶಾಲೆಯ ಅಂಗಳದ ನಡುವೆ ಬೇಲಿ ಬರುತ್ತದೆ. ನಾನು ಕಂಡಿದ್ದೇನೆ, ಎಲ್ಲಿ ಎಂದು ಹೇಳುವುದಿಲ್ಲ.

ಮುಖ್ಯ ಶಿಕ್ಷಕರು ವರ್ಗವಾಗಿ ಹೋಗುತ್ತಾರೆ, ಮಕ್ಕಳು ಏಳನೇ ತರಗತಿ ಮುಗಿಸಿದ ಕೂಡಲೇ ಪೋಷಕ ಸದಸ್ಯರೂ ಹೋಗುತ್ತಾರೆ. ಊರಿನಲ್ಲಿಯೇ ಉಳಿಯುವವರು, ಯಾವ ಜಾಗವನ್ನು ಯಾರು ಯಾವಾಗ ಕೊಟ್ಟರೆಂದು ನೆನಪಿರುವವರು, ಎರಡು ಮೂರು ವರ್ಷ ತಾಲ್ಲೂಕು ಕಚೇರಿಗೆ ಅಲೆಯಲು ಪುರುಸೊತ್ತಿರುವವರು ನಿವೃತ್ತ ಮೇಷ್ಟ್ರುಗಳೇ. ನನ್ನನ್ನು ಕೇಳಿದರೆ ನಿಮ್ಮ ಕೆಲಸ ಇದು.

ಮುಖ್ಯ ಶಿಕ್ಷಕಿ (ಪೊನ್ನಂಪೇಟೆ ತಾಲ್ಲೂಕು)

ಇದು ಅಕ್ಷರಶಃ ನಿಜ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದ ಮೇಲೆ, 2019ರಲ್ಲಿ ಮತ್ತೆ ಕುಸಿದ ಮೇಲೆ, ಶಾಲಾ ಕಟ್ಟಡಗಳ ಸುರಕ್ಷತೆಯ ಬಗ್ಗೆ ಎಲ್ಲ ಕಡೆಯಿಂದಲೂ ವರದಿ ಕೇಳಿದರು, ನಾವು ಬರೆದು ಕಳುಹಿಸಿದೆವು. ದುರಸ್ತಿಗೆ ಹಣ ಬರುವ ಹಂತದಲ್ಲಿ ಜಾಗದ ದಾಖಲೆ ಕೇಳಿದಾಗ ನನ್ನ ಬಳಿ ಇದ್ದದ್ದು ಹಿಂದಿನ ಮುಖ್ಯ ಶಿಕ್ಷಕರು ಬರೆದಿಟ್ಟ, ‘ದಾನಿಗಳು ಉದಾರವಾಗಿ ನೀಡಿದ ನಿವೇಶನ’ ಎಂಬ ಒಂದು ಸಾಲು ಮಾತ್ರ.

ತೋಟದವರು (ಸುಂಟಿಕೊಪ್ಪ ಕಡೆ)

ಪಹಣಿಯವರ ಮಾತು ಓದಿದ ಮೇಲೆ ನಮ್ಮ ತಂದೆಯವರ ಹಳೆಯ ಕಾಗದಗಳನ್ನು ತೆಗೆದು ನೋಡಿದೆ. ನಮ್ಮೂರಿನ ಶಾಲೆಯ ಆಟದ ಮೈದಾನ ಇಂದಿಗೂ ನಮ್ಮ ಕುಟುಂಬದ ಹೆಸರಿನಲ್ಲಿಯೇ ಇದೆ. ಟ್ಯಾಂಕು ಕೊಟ್ಟ ನಮಗೆ ಇದು ತಿಳಿದಿರಲಿಲ್ಲ. ಅಣ್ಣತಮ್ಮಂದಿರ ಜೊತೆ ಮಾತನಾಡುತ್ತೇನೆ.

ಪೋಷಕ ಸದಸ್ಯೆ (ಸಿದ್ದಾಪುರ ಕಡೆ)

ಜಾಗದ ಕಾಗದ ಬೇಕು, ಸರಿ. ಅದಕ್ಕೆ ಎರಡು ಮೂರು ವರ್ಷವೆಂದು ಪಹಣಿಯವರೇ ಹೇಳುತ್ತಿದ್ದಾರೆ. ಬೀಗ ತೆಗೆಸಲು ಅಷ್ಟು ಬೇಡವಲ್ಲ. ಮೇಷ್ಟ್ರೇ, ನೀವು ನಿಮ್ಮೂರಿನ ಸಮಿತಿಗೆ ಹೋದರೆ ಮೊದಲ ಸಭೆಗೆ ಮುಂಚೆ ಹೆಂಗಸರನ್ನು ಮಾತ್ರ ಕರೆದು, ನಿಮ್ಮ ಮನೆಯ ಅಮ್ಮನವರನ್ನೋ ಟೀಚರನ್ನೋ ಕೂರಿಸಿ, ಅವರು ಹೇಳುವುದನ್ನು ಬರೆದುಕೊಳ್ಳಿ. ಆಮೇಲೆ ಸಭೆಯಲ್ಲಿ ಅದನ್ನು ನೀವು ಓದಿ. ಯಾರು ಹೇಳಿದರೆಂದು ಹೇಳಬೇಡಿ.

ನಿವೃತ್ತ ಮೇಷ್ಟ್ರು (ಮಡಿಕೇರಿ ತಾಲ್ಲೂಕು)

ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ನಮ್ಮೂರಿನ ಶಾಲೆಯ ಮುಖ್ಯ ಶಿಕ್ಷಕಿಯವರ ಜೊತೆ ಈ ಬರಹಗಳನ್ನು ಮುಂದಿಟ್ಟುಕೊಂಡೇ ಮಾತನಾಡಿದೆ. ಸಮಿತಿಯಲ್ಲಿ ಒಂದು ಅವಧಿಗೆ ಮಾತ್ರ ಇರುತ್ತೇನೆಂದೂ, ಅವರು ಕರೆಯದೆ ತರಗತಿಗಾಗಲಿ ಕಚೇರಿ ಕೋಣೆಗಾಗಲಿ ಬರುವುದಿಲ್ಲವೆಂದೂ, ಪಾಠದ ಬಗ್ಗೆ ಪೋಷಕರು ನನ್ನ ಮನೆಗೆ ದೂರು ತಂದರೆ ಅವರನ್ನು ಶಾಲೆಗೇ ಕಳುಹಿಸುತ್ತೇನೆಂದೂ ಹೇಳಿದೆ. ಅವರು ನಕ್ಕು, ‘ಸಾರ್, ಇದನ್ನು ನಡಾವಳಿಯಲ್ಲಿ ಬರೆದುಕೊಳ್ಳಲೇ?’ ಎಂದರು. ಬರೆದುಕೊಳ್ಳಿ ಎಂದೆ. ಸಭೆಯನ್ನು ರಜೆಯ ದಿನ ಬೆಳಿಗ್ಗೆ ಒಂಬತ್ತಕ್ಕೆ ಇಡಲು ಅವರೂ ಒಪ್ಪಿದ್ದಾರೆ, ಸಹಶಿಕ್ಷಕರನ್ನು ಕೇಳಿ ತಿಳಿಸುತ್ತಾರೆ. ತಾಯಂದಿರ ಮಾತನ್ನು ಬರೆದುಕೊಳ್ಳುವ ಕೆಲಸವನ್ನು ನಮ್ಮ ಅಂಗನವಾಡಿ ಕಾರ್ಯಕರ್ತೆಗೆ ಒಪ್ಪಿಸುವುದು ಮೇಲೆಂದು ಇಬ್ಬರಿಗೂ ಅನಿಸಿತು; ಹಾಡಿಯವರ ಮಾತು ಅವರಿಗೆ ನನಗಿಂತ ಚೆನ್ನಾಗಿ ತಿಳಿಯುತ್ತದೆ.

ಪಹಣಿಯವರಲ್ಲಿ ಒಂದು ಪ್ರಶ್ನೆ. ವಿಚಾರಿಸಿದಾಗ ನಮ್ಮ ಶಾಲೆಯ ಜಾಗವೂ ಬಾಣೆಯದೇ ಎಂದು ತಿಳಿಯಿತು. ಕೊಟ್ಟವರ ಕುಟುಂಬದಲ್ಲಿ ಈಗ ಬಹಳ ಮಂದಿ ಇದ್ದಾರೆ, ಅರ್ಧದಷ್ಟು ಜನ ಮೈಸೂರು, ಬೆಂಗಳೂರುಗಳಲ್ಲಿ. ಹಿರಿಯರ ಮನಸ್ಸು ಅನುಕೂಲವಾಗಿದೆ. ಎಲ್ಲಿಂದ ಆರಂಭಿಸುವುದು?

ಹಳೇ ಪಹಣಿ (ಸೋಮವಾರಪೇಟೆ)

ಮೊದಲು ಸರ್ವೆ ನಂಬರಿನ ಪಹಣಿ ಪ್ರತಿ ಮತ್ತು ಸರ್ವೆ ನಕ್ಷೆಗೆ ಅರ್ಜಿ ಹಾಕಿ. ಶಾಲೆ ನಿಜವಾಗಿ ಎಷ್ಟು ಸೆಂಟು ಜಾಗದಲ್ಲಿ ನಿಂತಿದೆಯೆಂದು ಸರ್ವೆಯವರಿಂದ ಅಳೆಸದೆ ಕುಟುಂಬದವರ ಮುಂದೆ ಹೋಗಬೇಡಿ. ಅಂದಾಜಿನ ಮಾತಿಗೆ ಅನುಮಾನ ಹುಟ್ಟುತ್ತದೆ. ಅಳತೆ ಕೈಗೆ ಬಂದ ಮೇಲೆ ಒಬ್ಬೊಬ್ಬರ ಮನೆಗೆ ಅಲೆಯುವುದಕ್ಕಿಂತ, ಪುತ್ತರಿ ಸುಗ್ಗಿಹಬ್ಬಕ್ಕೆ ಎಲ್ಲರೂ ಐನ್‌ಮನೆಗೆ ಬಂದಿರುತ್ತಾರಲ್ಲ, ಅದರ ಮಾರನೆಯ ದಿನ ಹಿರಿಯರಿಂದಲೇ ವಿಷಯ ಎತ್ತಿಸಿ. ಅಂದೇ ಸಹಿ ಕೇಳಬೇಡಿ. ಒಪ್ಪಿಗೆಯ ಕರಡನ್ನು ಓದಿ ಹೇಳಿ, ಪ್ರತಿ ಕೊಟ್ಟು ಬನ್ನಿ. ಕರಡನ್ನು ನಾನು ನೋಡಿಕೊಡುತ್ತೇನೆ. ಸರ್ವೆ ನಂಬರನ್ನು ಇಲ್ಲಿ ಎಲ್ಲರ ಮುಂದೆ ಹಾಕದೆ ನನಗೆ ಖಾಸಗಿಯಾಗಿ ಕಳುಹಿಸಿ.